ಓಡದ ಜೀಪಿಗೆ ಉರಿಯುವ ಲೈಟು

ಜೀಪು ಇಟ್ಟುಕೊಂಡವರೆಲ್ಲ ಅದನ್ನು ಓಡಿಸುತ್ತಾರೆ ಎಂದು ನೀವು ನಂಬಿದ್ದರೆ, ನಮ್ಮ ಮಾವನನ್ನು ನೀವು ನೋಡಿಲ್ಲ ಎಂದೇ ಅರ್ಥ! ನನ್ನ ಗಂಡನ ತಂದೆಯಾದ ಈ ಮಹಾನುಭಾವರ ಜೀಪು ಒಂದು ಗೇಣು ಮುಂದೆ ಹೋದದ್ದನ್ನು ನಾನು ಕಂಡಿಲ್ಲ. ಆದರೆ ಅದರ ಹೆಡ್‌ಲೈಟು? ಅಬ್ಬಬ್ಬಾ! ಕಬಿನಿಯ ಆಚೆ ದಡದ ಮರದ ಎಲೆ ಎಣಿಸಬಹುದಿತ್ತು.

ತಿರುವಾಂಕೂರಿನ ಕಡೆಯಿಂದ ಜನ ಮರಗೆಣಸಿನ ಕಡ್ಡಿ, ಮಕ್ಕಳುಮರಿ ಸಮೇತ ವಯನಾಡಿಗೆ ಬಂದು ನೆಲೆಯೂರುತ್ತಿದ್ದ ವರ್ಷಗಳು ಅವು. ಅಂಥ ಒಬ್ಬ ಮಲಯಾಳಿ ಚೇಟ್ಟನ ಜೀಪು ಕೊಳವಳ್ಳಿಯ ನಮ್ಮ ಅಂಗಳದ ಮುಂದೆಯೇ ಪ್ರಾಣ ಬಿಟ್ಟಿತು. "ವಂಡಿ ಓಡೂಲ ಗೌಡರೇ, ಪಕ್ಷೇ ಲೈಟ್ ಕೊಳ್ಳಾಂ" ಎಂದು ಚೇಟ್ಟ ಕೈಚೆಲ್ಲಿ ಕೂತರು. ಗಾಡಿ ಓಡುವುದಿಲ್ಲ, ಲೈಟು ಮಾತ್ರ ಚೆನ್ನಾಗಿದೆ ಅಂತ. ಬೇರೆಯವರಾಗಿದ್ದರೆ ಅಯ್ಯೋ ಪಾಪ ಎಂದು ಒಂದು ಚೊಂಬು ನೀರು ಕೊಟ್ಟು ಕಳಿಸುತ್ತಿದ್ದರು. ಮಾವ ಎರಡು ಕೋಣ ಕೊಟ್ಟು ಜೀಪು ಇಟ್ಟುಕೊಂಡರು! ಅಂದಿನಿಂದ ಚೇಟ್ಟ ಗದ್ದೆ ಉಳತೊಡಗಿದರು, ಮಾವ ಲೈಟು ಹಾಕತೊಡಗಿದರು.

ಪೂರ್ತಿ ಹುಚ್ಚು ಅನ್ನಬೇಡಿ, ಕಾರಣವಿತ್ತು. ಅತ್ತೆಯ ತಾಯಿ ಹೊಳೆಯಾಚೆ ಹಾಸಿಗೆ ಹಿಡಿದಿದ್ದರು. ಅತ್ತೆ ದಿನಾ ಬೆಳಿಗ್ಗೆ ತಾವೇ ದೋಣಿ ಹುಟ್ಟುಹಾಕಿಕೊಂಡು ಹೋಗಿ, ತಾಯಿಗೆ ಸಂಜೆಯ ಗಂಜಿ ಕುಡಿಸಿಯೇ ಹೊರಡುವರು. ಹೊತ್ತು ಮುಳುಗಿದರೆ ಅವರಿಗೆ ಕಣ್ಣು ಸರಿಯಾಗಿ ಕಾಣದು. ಒಮ್ಮೆ ಮಂಜಿನಲ್ಲಿ ದೋಣಿ ನಿಲ್ಲಿಸುವ ಕಡವು ತಪ್ಪಿ, ಆನೆಗಳು ನೀರಿಗಿಳಿಯುವ ಜಾಗಕ್ಕೇ ಹೋಗಿ ನಿಂತಿದ್ದರು. ಮಾವ ಜೊತೆಗೆ ಹೋಗಬಾರದೇ ಅಂತೀರಾ? ಮೊಣಕಾಲಿಗಿಂತ ಮೇಲೆ ನೀರು ಬಂದರೆ ಮಾವನಿಗೆ ತಲೆಸುತ್ತು! ಹಾಗಾಗಿ ಊರಿನವರನ್ನೆಲ್ಲ ಕರೆದು ಜೀಪನ್ನು ಮನೆ ಕೆಳಗಿನ ಕಡವಿಗೆ ತಳ್ಳಿಸಿ, ಮುಖ ಹೊಳೆಯ ಕಡೆಗೆ ತಿರುಗಿಸಿ ನಿಲ್ಲಿಸಿದ್ದರು.

ಇಂಜಿನು ಓಡದ ಮೇಲೆ ಬ್ಯಾಟರಿ ಚಾರ್ಜು ಆಗುವುದೆಲ್ಲಿಂದ? ಅದನ್ನು ಹೊತ್ತುಕೊಂಡು ಮಾನಂತವಾಡಿಗೆ ಯಾತ್ರೆ. ಬಸ್ಸಿನಲ್ಲಿ ಬ್ಯಾಟರಿಗೆ ಸೀಟು, ಮಾವನಿಗೆ ಕಂಬಿ! ಅದರ ಆಸಿಡ್ ತಾಗಿ ಅವರ ಪಂಚೆಗಳೆಲ್ಲ ತೂತು. ಬೆಳಗಾದರೆ ಮೊದಲು ಬ್ಯಾಟರಿಯ ಮುಚ್ಚಳ ತೆಗೆದು ನೀರು ನೋಡುವರು.

"ನಂಗೆ ಜ್ವರ ಬಂದಾಗ ಒಂದು ಲೋಟ ನೀರು ಕೊಟ್ಟೋರಲ್ಲ" ಎಂದು ಅತ್ತೆ ನನ್ನ ಕಿವಿಯಲ್ಲಿ ಹೇಳಿ ನಗುವರು.

ಹೊಸ ಸೊಸೆಯಾದ ನಾನು ಒಂದು ದಿನ ಬಾಯಿ ಬಿಟ್ಟೆ. "ಮಾವ, ಈ ಲೈಟಿಗೆ ಒಂದೇ ತಂತಿ ಬಂದದಲ್ಲ?"

ಕೇಳಬಾರದಿತ್ತು! ಒಲೆಯ ಮೇಲಿನ ಅನ್ನ ಸೀದು ಹೋಯಿತು, ವಿವರಣೆ ಮುಗಿಯಲಿಲ್ಲ.

"ಕರೆಂಟು ಅಂದ್ರೆ ಸಂತೆಗೆ ಹೋದೋರಂಗೆ ಮಗಾ. ಹೋದ್ರೆ ಸಾಲ್ದು, ವಾಪಸ್ ಬರ್ಬೇಕು. ಬ್ಯಾಟರಿಯಿಂದ ಹೊಂಟು, ಸ್ವಿಚ್ಚು ದಾಟಿ, ಬಲ್ಬಿನೊಳಗಿನ ಎಳೆ ಕಾಯಿಸಿ, ತಿರ್ಗಾ ಬ್ಯಾಟರಿಗೇ ಸೇರ್ಬೇಕು. ಸೇರ್ಲಿಲ್ವೋ, ಬೆಳ್ಕಿಲ್ಲ!"

"ವಾಪಸ್ ಬರೋಕೆ ತಂತಿ ಎಲ್ಲದೆ?"

ಮಾವ ಮಡ್‌ಗಾರ್ಡಿನ ಮೇಲೆ ಫಟಾರನೆ ಬಡಿದರು. "ಈ ತಗಡೇ ದಾರಿ! ಇದಕ್ಕೇ ಅರ್ತಿಂಗು ಅನ್ನೋದು."

ಇಡೀ ಜೀಪೇ ಒಂದು ತಂತಿ ಎಂದು ಕೇಳಿದ್ದೇ ತಡ, ಅದರ ಮೇಲೆ ಒಣಹಾಕಿದ್ದ ನನ್ನ ಸೀರೆಯನ್ನು ಎಳೆದುಕೊಂಡು ಮನೆಯೊಳಗೆ ಓಡಿದೆ.

ಇಷ್ಟೆಲ್ಲ ಬಲ್ಲವರು ಆಯುಧಪೂಜೆಗೆ ಏನು ಮಾಡಿದರು ಗೊತ್ತೇ? ಲೈಟು, ಬೋಲ್ಟು, ಎಲ್ಲ ಬಿಚ್ಚಿ ತೊಳೆದು, ಮೂಲೆಮೂಲೆಗೂ ಎರಡು ಕೋಟು ನೀಲಿ ಪೇಂಟು ಬಳಿದು, ಒಣಗಿಸಿ, ಮತ್ತೆ ಜೋಡಿಸಿ, ಕುಂಬಳಕಾಯಿ ಒಡೆದರು. ಜೀಪು ಮದುಮಗನ ಹಾಗೆ ಮಿಂಚಿತು. ಸಂಜೆ ಸ್ವಿಚ್ಚು ಎಳೆದರೆ ಲೈಟಿಲ್ಲ! ಬ್ಯಾಟರಿ ಸರಿ, ಬಲ್ಬು ಸರಿ, ತಂತಿ ಸರಿ. ತಗಡಿಗೆ ತಾಗಬೇಕಾದ ಬೋಲ್ಟಿನ ಬುಡಕ್ಕೂ ಪೇಂಟು ಬಳಿದು, ಕರೆಂಟು ವಾಪಸ್ ಬರುವ ದಾರಿಯನ್ನು ತಾವೇ ಮುಚ್ಚಿಬಿಟ್ಟಿದ್ದು ಅವರಿಗೆ ಹೊಳೆದದ್ದು ಮರುದಿನ.

ಆದರೆ ಆ ಸಂಜೆ ಅತ್ತೆ ಆಗಲೇ ಹೊಳೆಯ ನಡುವೆ ಇದ್ದರು. ಮಳೆ ನಿಂತು ಹೆಚ್ಚು ದಿನವಾಗಿರಲಿಲ್ಲ, ಸೆಳವು ಜೋರಾಗಿತ್ತು. ಮಂಜು ಇಳಿದು ದೋಣಿ ಕಾಣಲಿಲ್ಲ, ಹುಟ್ಟಿನ ಸದ್ದು ಮಾತ್ರ ಕೆಳಗೆ ಕೆಳಗೆ ಸರಿಯುತ್ತಿತ್ತು. ಮಾವ ಸ್ಪ್ಯಾನರು ಎಸೆದು ಓಡಿದರು.

"ಚೆನ್ನೀ! ಚೆನ್ನೀ! ಈ ಕಡೆ ಕಣೇ!"

ಹೆಂಡತಿಯ ಹೆಸರು ಹಿಡಿದು ಕರೆಯುವ ರೂಢಿ ನಮ್ಮಲ್ಲಿಲ್ಲ. ಮೂವತ್ತು ವರ್ಷ "ಏಯ್", "ಇಲ್ಕೇಳು" ಎಂದೇ ಸಂಸಾರ ಮಾಡಿದವರು ಮಾವ. ಈಗ ಹೊಳೆಯ ಆಚೀಚೆಯ ಎರಡು ರಾಜ್ಯಕ್ಕೂ ಕೇಳುವಂತೆ ಕೂಗುತ್ತಿದ್ದರು! ನೋಡುತ್ತೇನೆ, ಎದೆಮಟ್ಟ ನೀರಿನಲ್ಲಿ ನಿಂತಿದ್ದಾರೆ. ಹುಟ್ಟಿನ ಸದ್ದು ತಡೆಯಿತು, ಆಮೇಲೆ ನಮ್ಮ ಕಡೆಗೇ ತಿರುಗಿತು. ದೋಣಿಯ ಮೂತಿ ಬಂದು ಮಾವನ ಭುಜಕ್ಕೆ ತಾಗಿತು. ಅದನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು ಅವರು ಗಳಗಳನೆ ಅತ್ತುಬಿಟ್ಟರು.

"ಲೈಟು ಕೈಕೊಡ್ತು ಕಣೇ..."

ಅತ್ತೆ ಅವರ ತಲೆಯನ್ನು ಸೆರಗಿನಿಂದ ಒರೆಸಿದರು. "ಆ ಲೈಟು ದಿನಾ ಕಣ್ಣಿಗೆ ಹೊಡ್ದು ನಂಗೆ ಏನೂ ಕಾಣ್ತಾನೇ ಇರ್ಲಿಲ್ಲ. ನೀವು ಬೇಜಾರು ಮಾಡ್ಕೋತೀರಾ ಅಂತ ಹೇಳ್ಲಿಲ್ಲ" ಎಂದರು. ಆಮೇಲೆ ದನಿ ತಗ್ಗಿಸಿ, "ನಾಳೆನೂ ಹಂಗೇ ಕೂಗಿ" ಎಂದರು.

ಮರುದಿನ ಪೇಂಟು ಕೆರೆದ ಮೇಲೆ ಲೈಟು ಉರಿಯಿತು. ಮಾವ ಅದನ್ನು ಆರಿಸಿ, ನೀರಿನ ಅಂಚಿಗೆ ನಡೆದು, ಗಂಟಲು ಸರಿಮಾಡಿಕೊಂಡರು.