ನಲವತ್ತೊಂದನೆಯ ಚೀಟಿ

ತೋಟಪ್ಪ ಮೇಷ್ಟ್ರು ಗೋಡೆಯ ಮೇಲೆ ‘ವಾಲ್’ ಎಂದು ಬರೆದ ಚೀಟಿ ಅಂಟಿಸಿದ್ದೇ ಎಲ್ಲದಕ್ಕೂ ಮೂಲವಾಯಿತು. ಅದು ಗೋಡೆಯೇ ಎಂಬುದರಲ್ಲಿ ಊರಿನವರಿಗೆ ಅನುಮಾನವಿರಲಿಲ್ಲ. ಗೋಡೆಗಂತೂ ಮೊದಲೇ ಇರಲಿಲ್ಲ. ಆದರೆ ಹೊಸಪೇಟೆಯಲ್ಲಿ ನಡೆದ ಮೂರು ದಿನದ ತರಬೇತಿಯಲ್ಲಿ ಹಾಗೆ ಮಾಡಬೇಕೆಂದು ಹೇಳಿಕೊಟ್ಟಿದ್ದರು. ಮಕ್ಕಳ ಕಣ್ಣು ಬಿದ್ದಲ್ಲೆಲ್ಲ ಇಂಗ್ಲಿಷ್ ಪದ ಕಾಣಬೇಕು, ಕಂಡು ಕಂಡು ಅದು ತಾನಾಗಿ ನಾಲಿಗೆಗೆ ಇಳಿಯಬೇಕು. ಮೇಷ್ಟ್ರು ಹಳೆಯ ಕ್ಯಾಲೆಂಡರುಗಳನ್ನು ಕತ್ತರಿಸಿ ದಪ್ಪ ಅಕ್ಷರದಲ್ಲಿ ನಲವತ್ತು ಚೀಟಿ ಬರೆದರು. ಬಾಗಿಲು, ಕಿಟಕಿ, ಫ್ಯಾನು, ಬೋರ್ಡು, ಕೊನೆಗೆ ಚಿತ್ರಪಟದ ಪ್ರಾಣಿಗಳಿಗೂ ಒಂದೊಂದು. ಬಿಸಿಯೂಟ ಮಾಡುವ ಹುಸೇನಮ್ಮ ಹುಣಸೆ ಬೀಜ ಅರೆದು ಕುದಿಸಿ ಅಂಟು ಮಾಡಿಕೊಟ್ಟಳು. ಆ ಅಂಟು ಹಬ್ಬಕ್ಕೆ ಬಂದ ದೂರದ ನೆಂಟನ ಹಾಗೆ. ಒಮ್ಮೆ ಕೂತರೆ ಏಳುವ ಮಾತೇ ಇಲ್ಲ.

ಇಷ್ಟಾದರೂ ಐದನೆಯ ತರಗತಿಯ ಇಪ್ಪತ್ತೆರಡು ಮಕ್ಕಳು ಒಂದು ಇಂಗ್ಲಿಷ್ ವಾಕ್ಯ ಆಡಿದವರಲ್ಲ. ಮೇಷ್ಟ್ರು ಹೇಳಿದ್ದನ್ನು ಒಕ್ಕೊರಲಿನಲ್ಲಿ ಕೂಗುವರು. ಒಬ್ಬೊಬ್ಬರನ್ನೇ ಎಬ್ಬಿಸಿ ಕೇಳಿದರೆ ಬಂಡೆಯ ಮೇಲಿನ ಓತಿಕ್ಯಾತದಂತೆ ಕತ್ತು ಮಾತ್ರ ಆಡಿಸುವರು.

ಮೇಷ್ಟ್ರಿಗೆ ಇದು ಬರಿಯ ಪಾಠದ ಚಿಂತೆಯಲ್ಲ. ಅವರ ಹೆಂಡತಿ ಗಂಗಾಂಬಿಕಾ ಸಂಡೂರಿನಲ್ಲಿ ನರ್ಸು. ಇವರು ಕಂಪ್ಲಿ ದಾರಿಯ ಈ ಊರಿನಲ್ಲಿ ಅಕ್ಕಿ ಗಿರಣಿಯ ಪಕ್ಕದ ಕೋಣೆಯಲ್ಲಿ ಒಬ್ಬರೇ ಅನ್ನ ಬೇಯಿಸಿಕೊಂಡು ಎಂಟು ವರ್ಷವಾಗಿತ್ತು. ಗಂಡಹೆಂಡಿರು ಭಾನುವಾರಕ್ಕೊಮ್ಮೆ ನೋಡಿಕೊಳ್ಳುವರು. ಈ ಸಲ ವರ್ಗಾವಣೆಯ ಪಟ್ಟಿಯಲ್ಲಿ ತೋಟಪ್ಪನವರ ಹೆಸರಿತ್ತು. ಆದರೆ ಇಂಗ್ಲಿಷ್ ಕಲಿಕೆಯ ಗುರಿ ಮುಟ್ಟಿದೆ ಎಂದು ಪರಿವೀಕ್ಷಕ ಜಂಬುನಾಥ್ ಬರೆದುಕೊಟ್ಟರೆ ಮಾತ್ರ ಬಿಡುಗಡೆ. ಅವರು ಗುರುವಾರ ಮಧ್ಯಾಹ್ನ ಮೂರಕ್ಕೆ ಬರುವವರಿದ್ದರು.

ಗುರುವಾರ ಬೆಳಿಗ್ಗೆ ಮೇಷ್ಟ್ರು ಮಿಂದು, ವಿಭೂತಿ ಧರಿಸಿ, ವಿರೂಪಾಕ್ಷನನ್ನು ನೆನೆದು, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಶಾಲೆಗೆ ಹೊರಟರು. ಪ್ರಾರ್ಥನೆಯ ಹೊತ್ತಿನಲ್ಲಿ ಕಣ್ಣು ಮುಚ್ಚಿ ನಿಂತಿದ್ದಾಗ ಬೆನ್ನಿಗೆ ಏನೋ ತಣ್ಣಗೆ ತಾಗಿದಂತಾಯಿತು. ದೇವರ ದಯೆಯ ಗಾಳಿ ಎಂದುಕೊಂಡು ಕಣ್ಣು ತೆರೆಯಲಿಲ್ಲ. ತರಗತಿಯ ಬಾಗಿಲು ತೆರೆದಾಗ ಮಾತ್ರ ಕಣ್ಣು ಹೊರಗೇ ಬಂದವು.

ನಲವತ್ತು ಚೀಟಿಯಲ್ಲಿ ಒಂದೂ ಇರಲಿಲ್ಲ. ಚೀಟಿಯಿದ್ದ ಕಡೆಯೆಲ್ಲ ಅಂಗೈಯಗಲ ಗಾರೆ ಕಿತ್ತು, ಗೋಡೆಗೆ ಸಿಡುಬು ಎದ್ದ ಹಾಗೆ ಕಾಣುತ್ತಿತ್ತು.

“ಯಾರು ಕದ್ದರು?” ಎಂದು ಅಡುಗೆಮನೆಗೆ ಓಡಿದರು.

ಹುಸೇನಮ್ಮ ಬೇಳೆ ತೊಳೆಯುತ್ತ, “ಕದ್ದಿಲ್ರೀ ಸರ್, ಒಯ್ದಾರ,” ಎಂದಳು. “ಉಚ್ಚಂಗೆಮ್ಮನ ಎಮ್ಮಿ ಸುದ್ದಿ ನಿಮಗ ಮುಟ್ಟಿಲ್ಲೇನು?”

ಉಚ್ಚಂಗೆಮ್ಮ ಮುಂದಿನ ಸಾಲಿನ ಹುಡುಗಿ. ಕಳೆದ ಸುಗ್ಗಿಯಲ್ಲಿ ತಾಯಿ ತೀರಿಕೊಂಡ ಮೇಲೆ ಶಾಲೆಯಲ್ಲಿ ಬಾಯಿ ಬಿಟ್ಟವಳಲ್ಲ, ಪಾಟಿಯ ಮೇಲೆ ಒಂದಕ್ಷರ ಬರೆದವಳಲ್ಲ. ಆ ತಾಯಿ ಸಾಕಿದ ಎಮ್ಮೆಯೂ ಹಾಗೆಯೇ. ದಿನಾ ಸಂಜೆ ಹಗ್ಗ ಹರಿದುಕೊಂಡು, ತನ್ನ ಮೈ ತೊಳೆಯುತ್ತಿದ್ದವಳನ್ನು ಹುಡುಕಿ ಕಾಲುವೆಯ ದಂಡೆಗೆ ಹೋಗಿ ನಿಲ್ಲುತ್ತಿತ್ತು. ಸೋಮವಾರ ಹುಡುಗಿ ಚಿತ್ರಪಟದಿಂದ ‘ಬಫೆಲೊ’ ಚೀಟಿ ಕಿತ್ತು ಒಯ್ದು ಎಮ್ಮೆಯ ಹಣೆಗೆ ಅಂಟಿಸಿದಳಂತೆ. ಅಂದಿನಿಂದ ಎಮ್ಮೆ ಗೂಟ ಬಿಟ್ಟು ಕದಲಿಲ್ಲ. ಮೇಷ್ಟ್ರ ಚೀಟಿ ಅಂಟಿದ್ದು ಎಲ್ಲಿಗೂ ಹೋಗುವುದಿಲ್ಲ ಎಂದು ಊರೆಲ್ಲ ಸುದ್ದಿಯಾಯಿತು. ಮಂಗಳವಾರ ಬುಧವಾರ ಸರ್ಕಾರಿ ರಜೆ, ಮೇಷ್ಟ್ರು ಊರಿನಲ್ಲಿರಲಿಲ್ಲ. ಕೀಲಿಕೈ ಹುಸೇನಮ್ಮನ ಸೊಂಟದಲ್ಲಿತ್ತು.

“ನಾನs ಅಂಟೂ ಕೊಟ್ಟು ಕಳಿಸೀನಿ. ಪುಣ್ಯದ ಕೆಲಸ,” ಎಂದಳು. ಮೇಷ್ಟ್ರು ಸಿಟ್ಟಿನಿಂದ ಹೊರಡಲು ತಿರುಗಿದರು. ಹುಸೇನಮ್ಮ ಬೇಳೆ ತೊಳೆಯುವುದನ್ನು ಬಿಟ್ಟು ಅವರ ಬೆನ್ನನ್ನೇ ನೋಡಿ, “ಆತು ಬಿಡ್ರಿ, ಇನ್ನ ನಮಗೂ ಚಿಂತಿಲ್ಲ,” ಎಂದಳು. ಯಾವ ಚಿಂತೆ ಎಂದು ಕೇಳಲು ಮೇಷ್ಟ್ರಿಗೆ ವ್ಯವಧಾನವಿರಲಿಲ್ಲ.

ಮೊದಲು ಹೋದದ್ದು ಅಕ್ಕಿ ಗಿರಣಿಯ ಮರುಳಸಿದ್ದಮ್ಮನ ಮನೆಗೆ. ಆಕೆಯ ಗಂಡ ಶಂಭುಲಿಂಗ ದಿನಾ ಊಟವಾದೊಡನೆ ಇಸ್ಪೀಟಾಡಲು ಕಂಪ್ಲಿಗೆ ಹೋಗುವ ಮನುಷ್ಯ. ಈಗ ಜಗಲಿಯ ಮೇಲೆ ಕಲ್ಲುಬಸವನಂತೆ ಕೂತಿದ್ದ. ಎದೆಯ ಮೇಲೆ ‘ಬ್ಲ್ಯಾಕ್‌ಬೋರ್ಡ್’ ಎಂಬ ಚೀಟಿ, ಅದರ ಅಂಚಿಗೆ ಶಾಲೆಯ ಗೋಡೆಯ ಗಾರೆ.

“ಅಮ್ಮಾರ, ಇದು ಕರಿಹಲಿಗಿ ಅಂತ ಬರದದ್ದು. ನಿಮ್ಮ ಯಜಮಾನ್ರಿಗೆ ಒಪ್ಪಂಗಿಲ್ಲ,” ಎಂದರು ಮೇಷ್ಟ್ರು.

ಮರುಳಸಿದ್ದಮ್ಮ ಗಂಡನನ್ನು ಮೇಲಿಂದ ಕೆಳಗೆ ನೋಡಿದಳು. “ಬಣ್ಣ ಸರಿ ಐತಲ್ರೀ. ಎರಡು ದಿನ ಆತು, ಮನಿ ಬಿಟ್ಟಿಲ್ಲ. ನೀವು ಬೇಕಾದ್ರ ಬೋರ್ಡಿಗೆ ಇನ್ನೊಂದು ಬರಕೊಳ್ರಿ.”

ಶಂಭುಲಿಂಗ ತಗ್ಗಿದ ದನಿಯಲ್ಲಿ, ನಿನ್ನೆ ಕೀಳಲು ಹೋದಾಗ ಹೊಸ್ತಿಲಲ್ಲಿ ಕಾಲು ಉಳುಕಿತೆಂದೂ ಇನ್ನು ತಾನು ಅದನ್ನು ಮುಟ್ಟುವವನಲ್ಲವೆಂದೂ ಹೇಳಿದ.

ಮುಂದೆ ಹೋದಷ್ಟೂ ಕತೆ ಇದೇ. ಶಾಲಾ ಸಮಿತಿಯ ಅಧ್ಯಕ್ಷ ಹುಲಿಗೇಶ್ ತನ್ನ ಹುಂಜಕ್ಕೆ ‘ಡೋರ್’ ಅಂಟಿಸಿದ್ದ, ಅದು ಪಕ್ಕದ ಮನೆಯ ತಿಪ್ಪೆಗೆ ಹೋಗುತ್ತಿತ್ತಂತೆ. ಅಂಬೆಗಾಲಿಡುವ ಕೂಸೊಂದರ ಅಂಡಿನ ಮೇಲೆ ‘ಚಾಕ್’ ಇತ್ತು. ಒಲೆಯ ಕಡೆ ಹೋಗದಿರಲೆಂದು ಅದರ ಅಜ್ಜಿ ಅಂಟಿಸಿದ್ದಳು. ಕೂಸು ಒಲೆಯ ಹತ್ತಿರವೇ ಕೂತು ನಗುತ್ತಿತ್ತು. ಮೇಷ್ಟ್ರು ಕೇಳಿದಲ್ಲೆಲ್ಲ ಜನ ಇಲ್ಲವೆನ್ನುವರು, ಮೇಷ್ಟ್ರು ಬೆನ್ನು ತಿರುಗಿಸಿದರೆ ಅದೇ ಜನ ತೃಪ್ತಿಯಿಂದ ತಲೆದೂಗುವರು. ಒಂದು ಗಂಟೆಯ ಹೊತ್ತಿಗೆ ಕೈಗೆ ಸಿಕ್ಕದ್ದು ಅರ್ಧ ಚೀಟಿ. ಉಳಿದರ್ಧವನ್ನು ಆಡು ತಿಂದಿತ್ತು.

ಹೊಸದಾಗಿ ಬರೆಯೋಣವೆಂದು ಶಾಲೆಗೆ ಮರಳಿದರೆ ಜಂಬುನಾಥರ ಬೈಕು ಆಗಲೇ ಬೇವಿನ ಮರದ ನೆರಳಿನಲ್ಲಿ ನಿಂತಿತ್ತು. ಸಾಹೇಬರು ಮೂರಕ್ಕೆಂದರೆ ಒಂದಕ್ಕೇ ಬರುವವರೆಂದು ತಾಲ್ಲೂಕಿಗೆಲ್ಲ ಗೊತ್ತಿದ್ದರೂ ತೋಟಪ್ಪನವರಿಗೆ ಮರೆತಿತ್ತು.

“ಎಲ್ಲಿ ಮೇಷ್ಟ್ರೇ, ಚೀಟಿ ಎಲ್ಲಿ?” ಎಂದರು ಜಂಬುನಾಥ್, ಗೋಡೆಯ ಸಿಡುಬು ನೋಡುತ್ತ.

ಸಂಡೂರಿನ ಮನೆ, ಇಬ್ಬರು ಕೂತು ಉಣ್ಣುವ ಹೊತ್ತು, ಎಲ್ಲ ಮೇಷ್ಟ್ರ ಕಣ್ಣ ಮುಂದೆ ಬಂತು. “ಊರಾಗ ಅದಾವ ಸರ್,” ಎಂದರು. ಅದು ಸತ್ಯವೇ ಆಗಿತ್ತು. “ಇವತ್ತ ಪಾಠ ಹೊರಗ.”

ಮಕ್ಕಳನ್ನು ಸಾಲಾಗಿ ಹೊರಡಿಸಿದರು. ಮೇಷ್ಟ್ರು ಮುಂದೆ, ಸಾಹೇಬರು ಹಿಂದೆ. ಹತ್ತು ಹೆಜ್ಜೆ ಹೋಗುವಷ್ಟರಲ್ಲಿ ಸಾಹೇಬರು ನಿಂತು, ಮೇಷ್ಟ್ರ ಕಡೆ ನೋಡಿ, ಪುಸ್ತಕದಲ್ಲಿ ಏನೋ ಬರೆದುಕೊಂಡರು. ನನ್ನ ನಡಿಗೆಯಲ್ಲೂ ತಪ್ಪು ಕಂಡಿತೇ ಎಂದು ಮೇಷ್ಟ್ರು ಹೆಜ್ಜೆ ತಿದ್ದಿಕೊಂಡರು.

ಗಿರಣಿಯ ಜಗಲಿಯ ಮುಂದೆ ಸಾಹೇಬರು ಶಂಭುಲಿಂಗನ ಎದೆಗೆ ಬೆರಳು ತೋರಿ ಇಂಗ್ಲಿಷಿನಲ್ಲಿ, ಇದೇನು ಎಂದು ಕೇಳಿದರು. ಮೇಷ್ಟ್ರು ಕಣ್ಣು ಮುಚ್ಚಿಕೊಂಡರು.

ಮಕ್ಕಳು ಚೀಟಿ ಓದಿದರು. ಶಂಭುಲಿಂಗನನ್ನು ನೋಡಿದರು. ಮತ್ತೆ ಚೀಟಿ ಓದಿದರು. ಹಿಂದಿನಿಂದ ಯಾರೋ ಕಿಸಕ್ಕೆಂದರು. ಆಮೇಲೆ ಪರಶುರಾಮ್ ಎಂಬ ಹುಡುಗ ತಡೆಯಲಾರದೆ ಕೂಗಿದ: “ನೋ ಸರ್! ದಿಸ್ ಈಸ್ ನಾಟ್ ಎ ಬ್ಲ್ಯಾಕ್‌ಬೋರ್ಡ್. ದಿಸ್ ಈಸ್ ಶಂಭುಲಿಂಗಪ್ಪ.”

ಅಲ್ಲಿಂದ ಕಾಲುವೆಯ ತೂಬು ಎತ್ತಿದಂತಾಯಿತು. ಹುಂಜ ಬಾಗಿಲಲ್ಲ, ಅದನ್ನು ತೆರೆಯಲು ಬರುವುದಿಲ್ಲ, ಅದು ಕುಕ್ಕುತ್ತದೆ. ಕೂಸು ಚಾಕ್ ಅಲ್ಲ, ಅದರಿಂದ ಬರೆಯಲಾಗದು, ಅದು ಅಳುತ್ತದೆ. ವರ್ಷವೆಲ್ಲ ಬಾಯಿ ಬಿಡದ ಮಕ್ಕಳು ಊರಿನ ತಪ್ಪು ತಿದ್ದುವ ಹುಮ್ಮಸ್ಸಿನಲ್ಲಿ ಇಂಗ್ಲಿಷಿನಲ್ಲಿ ಜಗಳಕ್ಕೇ ನಿಂತರು. ಸರಿಯಿದ್ದುದನ್ನು ಹೇಳಲು ಬಾರದ ನಾಲಿಗೆ ತಪ್ಪು ಕಂಡೊಡನೆ ಹೇಗೆ ಹೊರಳುತ್ತದೋ ಶಿವನೇ ಬಲ್ಲ.

ಕೊನೆಗೆ ಎಮ್ಮೆಯ ಹತ್ತಿರ ಬಂದರು. ಇಲ್ಲಿ ಚೀಟಿ ಸರಿಯಾಗಿಯೇ ಇತ್ತು. ತಿದ್ದಲು ಏನೂ ಇಲ್ಲದೆ ಮಕ್ಕಳು ಸುಮ್ಮನಾದರು. ಸಾಹೇಬರು ಇದೇನು ಎಂದು ಕೇಳಿದರು. ಉಚ್ಚಂಗೆಮ್ಮ ಮುಂದೆ ಬಂದು ಎಮ್ಮೆಯ ಕೊರಳು ತಬ್ಬಿ, ನಿಧಾನವಾಗಿ, “ದಿಸ್ ಈಸ್ ಮೈ ಮದರ್ಸ್ ಬಫೆಲೊ,” ಎಂದಳು.

ಮೇಷ್ಟ್ರು ಮುಖ ಆ ಕಡೆ ತಿರುಗಿಸಿ ಕನ್ನಡಕ ಒರೆಸಿಕೊಂಡರು.

ಜಂಬುನಾಥ್ ಅಲ್ಲಿಯೇ, ಎಮ್ಮೆಯ ಗೋದಲಿಯ ಮೇಲೆ ಪುಸ್ತಕವಿಟ್ಟು ಷರಾ ಬರೆದರು. “ಗುರಿ ಮುಟ್ಟೈತಿ ಅಂತ ಬರದೀನಿ ಮೇಷ್ಟ್ರೇ. ಮುಟ್ಟೂದೇನು, ದಾಟೈತಿ.”

“ಹಂಗಾದ್ರ ಬಿಡುಗಡಿ ಸರ್?”

“ಬಿಡುಗಡಿ? ಇಂಥಾ ಮೇಷ್ಟ್ರನ್ನ ಕಳಿಸಿದ್ರ ನಮಗ ಪಾಪ ತಟ್ಟತೈತಿ. ಮೂರು ವರ್ಷ ನಿಮ್ಮನ್ನ ಅಲ್ಲಾಡಿಸಬಾರದು ಅಂತ ಮ್ಯಾಲಿನವ್ರಿಗೂ ಬರದೀನಿ. ಊರಿನವರ ಇಚ್ಛಾನೂ ಅದs ಐತಿ, ನಿಮ್ಮ ಹಿಂದ ಹೊರಟ ಕೂಡ್ಲೇ ಓದಿದೆ.”

ಎಲ್ಲಿ ಓದಿದರು ಎಂದು ಮೇಷ್ಟ್ರು ಕೇಳುವ ಮೊದಲೇ ಬೈಕು ಹೊರಟುಹೋಯಿತು.

ಸಂಜೆ ಗಂಗಾಂಬಿಕಾಳಿಗೆ ಫೋನಿನಲ್ಲಿ ಹೇಳುವ ಧೈರ್ಯ ಸಾಲದೆ, ಎದುರಿಗೇ ಹೇಳೋಣವೆಂದು ಹೊಸಪೇಟೆಯ ಬಸ್ಸಿಗೆ ಹೊರಟರು. ಗಿರಣಿಯ ಮುಂದೆ ಹಾಯುವಾಗ ಶಂಭುಲಿಂಗ ಅವರ ಬೆನ್ನು ನೋಡಿ ಕರೆದ.

“ಮೇಷ್ಟ್ರೇ, ನಿಮಗೂ ಅಂಟಿಸ್ಯಾರ?”

ಮೇಷ್ಟ್ರು ಅಂಗಿ ಬಿಚ್ಚಿ ನೋಡಿದರು. ಬೆನ್ನ ನಡುವೆ ಒಂದು ಚೀಟಿ. ಅವರು ಬರೆದ ನಲವತ್ತರಲ್ಲಿ ಅದಿರಲಿಲ್ಲ. ಸೊಟ್ಟ ಅಕ್ಷರ, ಕಳೆದ ಸುಗ್ಗಿಯಿಂದೀಚೆ ಪಾಟಿಯ ಮೇಲೆ ಒಂದು ಗೆರೆಯನ್ನೂ ಎಳೆಯದ ಕೈಯದು. ಆದರೆ ಒಂದಕ್ಷರವೂ ತಪ್ಪಿರಲಿಲ್ಲ. ‘ಟೀಚರ್’.

ಕೀಳಲು ಉಗುರು ಹಾಕಿದರು. ಬಟ್ಟೆ ಚರ್ರೆಂದಿತು, ಚೀಟಿ ಬರಲಿಲ್ಲ. ಆ ಸೊಟ್ಟ ಅಕ್ಷರದ ಮೇಲೆ ಎರಡನೆಯ ಸಲ ಉಗುರು ಹಾಕಲು ಅವರಿಗೂ ಮನಸ್ಸಾಗಲಿಲ್ಲ.

ದೂರದಲ್ಲಿ ಬಸ್ಸಿನ ಸದ್ದಾಯಿತು. ಅಂಗಿಯನ್ನು ಕೈಯಲ್ಲಿ ಹಿಡಿದುಕೊಂಡೇ ಮೇಷ್ಟ್ರು ರಸ್ತೆಗೆ ಓಡಿದರು, ಕೈ ಬೀಸಿದರು. ಬರಿಮೈಯ ಮನುಷ್ಯನನ್ನು ಕಂಡು ಡ್ರೈವರು ವೇಗ ಹೆಚ್ಚಿಸಿ ಹೋಗಿಬಿಟ್ಟ.

ಶಂಭುಲಿಂಗ ಜಗಲಿಯ ಮೇಲೆ ಸ್ವಲ್ಪ ಸರಿದು ಜಾಗ ಮಾಡಿದ.

“ಬರ್ರಿ, ಕುಂದ್ರಿ. ಇಸ್ಪೀಟು ಬರತೈತೇನು?”