ಹೊಸ ಬ್ಯಾಟರಿಯ ಹನ್ನೆರಡು ಗಂಟೆ

ಅಂತ್ಯಕ್ರಿಯೆಗೆ ಬಂದಿದ್ದ ನೆಂಟರೆಲ್ಲ ಹೊರಟುಹೋದ ಮರುದಿನ ಬೆಳಿಗ್ಗೆ ಬಾಗಿಲು ತಟ್ಟಿದವರು ಮೇಲಿನ ಮನೆಯ ಸಂಗೀತದ ಮೇಷ್ಟ್ರು.

"ತಪ್ಪು ತಿಳ್ಕೋಬೇಡಮ್ಮ. ನಿಮ್ಮನೆಯವರು ನನ್ನ ರೆಕಾರ್ಡರ್ ತಗೊಂಡಿದ್ರು. ಸಂಜೆ ಏಳಕ್ಕೆ ಪಾಠ ಇದೆ, ಬೇಕಿತ್ತು."

ರೆಕಾರ್ಡರ್ ಗಂಡನ ಮೇಜಿನ ಖಾನೆಯಲ್ಲಿ ಸಿಕ್ಕಿತು. ಅದರ ಬ್ಯಾಟರಿ ಹೊಟ್ಟೆ ಉಬ್ಬಿಸಿಕೊಂಡು ಸತ್ತಿತ್ತು. ಪಕ್ಕದಲ್ಲಿ ಹೊಸದೊಂದು ಇತ್ತು, ಪೊಟ್ಟಣ ಕೂಡ ಒಡೆದಿರಲಿಲ್ಲ. ಜೊತೆಗೆ ಅವನ ಅಕ್ಷರದ ಚೀಟಿ: 'ಇವಳಿಗೆ ಕೇಳಿಸಬೇಕು.'

ಅವನ ಫೋನು ಅವನೊಂದಿಗೇ ರಸ್ತೆಯಲ್ಲಿ ಪುಡಿಯಾಗಿತ್ತು. ಉಳಿದ ದನಿ ಇದರೊಳಗೆ ಇದ್ದಷ್ಟೇ. ಅವಳು ಹೊಸ ಬ್ಯಾಟರಿ ಹಾಕಿ, ವೈರು ಸಿಕ್ಕಿಸಿ, ಗುಂಡಿಯತ್ತ ಬೆರಳು ಚಾಚಿದಳು.

"ಮುಟ್ಬೇಡ," ಎಂದರು ಪಕ್ಕದ ಮನೆಯ ವೋಲ್ಟೇಜ್ ಅಂಕಲ್. ನಿವೃತ್ತ ಲೈನ್‌ಮನ್. ಯಾರ ಮನೆಯಲ್ಲಿ ಪ್ಲಗ್ ಸಿಕ್ಕಿಸಿದರೂ ಬೆಲ್ಲಕ್ಕೆ ಇರುವೆ ಬಂದಂತೆ ಹಾಜರು. "ಹೊಸ ಬ್ಯಾಟರಿ ಅಂದ್ರೆ ಹಸುಗೂಸು. ಮೊದಲ ಸಲ ಹನ್ನೆರಡು ಗಂಟೆ ಹಾಲು ಕುಡೀಬೇಕು. ಅರ್ಧಕ್ಕೆ ಎಬ್ಬಿಸಿದ್ರೆ ಒಳಗಿರೋದೆಲ್ಲ ಅಳಿಸಿಹೋಗುತ್ತೆ."

ಅವಳು ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಅದು ಸುಳ್ಳೆಂದು ಗೊತ್ತಿತ್ತು. ಆದರೆ 'ಅಳಿಸಿಹೋಗುತ್ತೆ' ಎಂದ ಮೇಲೆ ಬೆರಳು ಮುಂದೆ ಹೋಗಲಿಲ್ಲ.

ಅಂಕಲ್ ಕುರ್ಚಿ ಎಳೆದುಕೊಂಡು ಕಾವಲು ಕೂತರು. "ನಿನ್ನೆ ರಾತ್ರಿನೂ ಗೋಡೆಯಾಚೆ ಅವನ ಗೊರಕೆ ಕೇಳಿದ ಹಾಗಾಯ್ತು ಕಣಮ್ಮ. ಹೋದೋರು ಅಷ್ಟು ಬೇಗ ಹೋಗಲ್ಲ."

ಅತ್ತೆ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಆ ಗೊರಕೆಗಾಗಿಯೇ ಸೊಸೆ ಮಗನನ್ನು ಎಷ್ಟೋ ಸಲ ನಡುಮನೆಯಲ್ಲಿ ಮಲಗಲು ಅಟ್ಟಿದ್ದಳು.

ವೋಲ್ಟೇಜ್ ಹಂಚಿಹೋಗುತ್ತದೆಂದು ಅಂಕಲ್ ಫ್ಯಾನ್ ಆರಿಸಿದರು, ಮಿಕ್ಸಿಗೂ ತಡೆ ಹಾಕಿದರು. ಬ್ಯಾಟರಿ ಬಿಸಿಯಾಯಿತೆಂದು ಅತ್ತೆ ಒದ್ದೆ ಬಟ್ಟೆ ತಂದರು; ಅವಳು ಅದನ್ನು ಕಸಿದುಕೊಳ್ಳುವಷ್ಟರಲ್ಲಿ ಎದುರುಮನೆಯಾಕೆ ಬಂದು, "ನಮ್ಮಣ್ಣನ ಫೋನು ಹೀಗೇ ಢಂ ಅಂದಿದ್ದು," ಎನ್ನುತ್ತಾ ಪ್ಲಗ್ಗನ್ನೇ ಕಿತ್ತರು. ಆಗ ಹನ್ನೊಂದು ಗಂಟೆ.

"ಹೋಯ್ತು. ಮತ್ತೆ ಸೊನ್ನೆಯಿಂದ ಹನ್ನೆರಡು," ಎಂದರು ಅಂಕಲ್.

"ಏಳಕ್ಕೆ ಮೇಷ್ಟ್ರು ಬರ್ತಾರೆ, ಅಂಕಲ್."

"ಹಾಗಾದ್ರೆ ಎಂಟು ಸಾಕು."

ಏಳರ ಹೊತ್ತಿಗೆ ಸುದ್ದಿ ಮಹಡಿ ಹತ್ತಿ ಇಳಿದಿತ್ತು. ಕೊನೆಯ ಮಾತು ಕೇಳಲು ನಡುಮನೆಯ ತುಂಬ ಜನ, ಫ್ಯಾನಿಲ್ಲದೆ ಬೆವರುತ್ತ.

"ನಾನೊಬ್ಳೇ ಕೇಳ್ತೀನಿ," ಎಂದಳು.

"ಒಬ್ಳೇ ಯಾಕಮ್ಮ, ನಾವೆಲ್ಲ ಇದ್ದೀವಲ್ಲ," ಎಂದ ಎದುರುಮನೆಯಾಕೆ ಗುಂಡಿಯನ್ನೂ ತಾವೇ ಒತ್ತಿದರು.

ಮೊದಲು ಮೌನ. ಆಮೇಲೆ ಒದ್ದೆ ಮರಕ್ಕೆ ಗರಗಸ ಹಾಕಿದಂಥ ಸದ್ದು.

"ಪಾಪ, ಅವನದೇ ಗೊರಕೆ," ಎಂದು ಅತ್ತೆ ಬಿಕ್ಕಿದರು.

ಗರಗಸದ ನಡುವೆ, ತೀರಾ ಹತ್ತಿರದಿಂದ, ಅವನ ಪಿಸುದನಿ ಬಂತು: "ಗಂಟೆ ಎರಡೂ ಹತ್ತು. ನಾನು ಎದ್ದೇ ಇದ್ದೀನಿ. ಅಮ್ಮಾ, ನೀನೂ ಚೆನ್ನಾಗಿ ಕೇಳಿಸ್ಕೋ. ಗೊರಕೆ ನಂದಲ್ಲ, ನಿನ್ನ ಸೊಸೆದು."

ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಅಂಕಲ್ ಮಾತ್ರ ಗೋಡೆ ನೋಡಿದರು. "ಹಾಗಾದ್ರೆ ನಿನ್ನೆ ರಾತ್ರಿ..." ಎಂದು ಅಲ್ಲಿಗೇ ನಿಲ್ಲಿಸಿದರು.

ಅವಳು ವೈರು ಸುತ್ತಿ ರೆಕಾರ್ಡರನ್ನು ಮೇಷ್ಟ್ರ ಕೈಗಿಟ್ಟಳು. ಬೆರಳು ಬಿಡಲು ತುಸು ತಡವಾಯಿತು.

"ಪಾಠ ಮುಗಿದ ಮೇಲೆ ಮತ್ತೆ ಕೊಡ್ತೀರಾ?"

"ಇನ್ನೂ ಕೇಳ್ಬೇಕೇನಮ್ಮ?"

"ಕೇಳ್ಬೇಕು, ಮೇಷ್ಟ್ರೇ. ಅದು ನಂದು ಅಂತ ನಾನಿನ್ನೂ ಒಪ್ಪಿಲ್ಲ."