ಧೃತಿಗೆಡಿಸುವುದು ಎಂದರೆ ಎಂತ?

ಎದುರಿಗಿದ್ದವರ ಧೈರ್ಯ ಎಷ್ಟು ಗಟ್ಟಿ ಎಂದು ಅಲುಗಾಡಿಸಿ ನೋಡುವ ಚಟ ನಮ್ಮ ಕಡೆಯವರಿಗೆ ಉಂಟು. ವೇಣೂರಿನಲ್ಲಿ ಹೊಲಿಗೆ ಅಂಗಡಿ ಇಟ್ಟ ಮೇಲೆ ನನಗೆ ಆ ಪರೀಕ್ಷೆ ವಾರಕ್ಕೊಂದಾದರೂ ಆಗಿದೆ.

೧. ಮೊಟ್ಟೆ ಮತ್ತು ಮಾಸ್ಟ್ರು

ನಾನು ಐದನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಮೆಷಿನಿನ ಪಕ್ಕ ಪೇಪರ್ ಇಟ್ಟುಕೊಂಡು ಉಳಿದದ್ದನ್ನು ನಾನೇ ಓದಿ ಕಲಿತೆ. ಒಂದು ದಿನ ‘ಧೃತಿಗೆಡಿಸು’ ಎಂಬ ಶಬ್ದ ಅರ್ಥವಾಗದೆ ಅಲ್ಲೇ ನಿಂತೆ. ಮೂಡುಬಿದಿರೆಯ ಬಸ್ಸಿನಲ್ಲಿ ಶಾಲೆಯ ಮಾಸ್ಟ್ರು ಸಿಕ್ಕಿದರು. ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ಮೊಟ್ಟೆ ತುಂಬಿದ ಪ್ಲಾಸ್ಟಿಕ್ ತೊಟ್ಟೆ.

“ಧೃತಿಗೆಡಿಸುವುದು ಎಂದರೆ ಎಂತ ಮಾಸ್ಟ್ರೇ?”

“ಸಮಾಧಾನದಲ್ಲಿ ಇದ್ದವರನ್ನು ಗಾಬರಿ ಮಾಡುವುದು.”

“ಒಂದು ಉದಾಹರಣೆ ಹೇಳಿ.”

“ಈಗ ನೀವು ನನಗೆ ಮಾಡ್ತಾ ಇರುವುದೇ, ಮಾರಾಯ್ರೇ! ಮೊದಲು ಮೊಟ್ಟೆ ಹಿಡೀರಿ!”

೨. ಒಂದು ‘ಪಾಪ’

ನಾನು ಹೆಂಗಸರ ಬಟ್ಟೆ ಮಾತ್ರ ಹೊಲಿಯುವವಳು. ಒಮ್ಮೆ ಬೆಳ್ತಂಗಡಿಯ ಅಕ್ಕ ಒಬ್ಬರು ಗಂಡನ ಅಂಗಿಗೆ ಬಟ್ಟೆ ತಂದರು.

“ಗಂಡಸರದ್ದು ಹೊಲಿಯುವುದಿಲ್ಲ ಅಕ್ಕ.”

“ಬರುವುದಿಲ್ಲವಾ? ಪಾಪ.”

ಬಯ್ದಿದ್ದರೆ ಸುಮ್ಮನಿರುತ್ತಿದ್ದೆ. ‘ಪಾಪ’ ಕೇಳಿದ್ದೇ ಬಟ್ಟೆ ಕಿತ್ತುಕೊಂಡು, ಸಂಜೆಯೊಳಗೆ ಅಂಗಿ ಹೊಲಿದು ಕೊಟ್ಟೆ. ಶಬ್ದದ ಅರ್ಥ ಮಾಸ್ಟ್ರು ಹೇಳಿದ್ದರು, ಪ್ರಯೋಗ ಆ ಅಕ್ಕ ತೋರಿಸಿದರು.

೩. ಮೊದಲನೇ ಪಾಠ

ಮರುವರ್ಷ ಬೆಳ್ತಂಗಡಿಯ ಹೊಲಿಗೆ ತರಬೇತಿಗೆ ಟೀಚರ್ ಬೇಕಾಗಿತ್ತು. ಟೀಚರ್ ಎಂದು ಕರೆಸಿಕೊಳ್ಳುವ ಆಸೆ ನನಗೆ ಶಾಲೆ ಬಿಟ್ಟ ದಿನದಿಂದಲೂ ಇತ್ತು. ಇಂಟರ್‌ವ್ಯೂಗೆ ಹೋದೆ. ಮೇಜಿನ ಆಚೆ ಒಬ್ಬ ಸಾಹೇಬರು, ಒಬ್ಬರು ಮೇಡಂ.

“ಐದನೇ ಕ್ಲಾಸು. ಸರ್ಟಿಫಿಕೇಟ್ ಇಲ್ಲ. ನೀವು ಎಂತ ಕಲಿಸ್ತೀರಿ?” ಎಂದರು ಸಾಹೇಬರು.

ಓಹೋ, ಧೃತಿಗೆಡಿಸುವುದು ಶುರುವಾಯಿತು ಎಂದುಕೊಂಡೆ. ಅದರ ಹೆಸರು ಗೊತ್ತಿದ್ದ ಕಾರಣ ಹೆದರಿಕೆ ಆಗಲಿಲ್ಲ.

“ಮೊದಲನೇ ಪಾಠ ಈಗಲೇ ಮಾಡ್ತೇನೆ ಸರ್. ನಿಮ್ಮ ಅಂಗಿಯ ಗುಂಡಿ ಎಡಬದಿಗೆ ಉಂಟು. ಅದು ಹೆಂಗಸರ ಅಂಗಿಯ ಕ್ರಮ. ಹೊಲಿದವರಿಗೆ ಕೆಲಸ ಬರುವುದಿಲ್ಲ.”

ಮೇಡಂ ಫೈಲನ್ನು ಮುಖಕ್ಕೆ ಅಡ್ಡ ಹಿಡಿದರು. ಸಾಹೇಬರು ಎದೆ ಮುಟ್ಟಿ ನೋಡಿಕೊಂಡರು.

“ಇದು ನನ್ನ ಹೆಂಡತಿ ವೇಣೂರಿನಲ್ಲಿ ಹೊಲಿಸಿದ್ದು. ಯಾರೋ ಲೇಡೀಸ್ ಟೈಲರಂತೆ.”

ವೇಣೂರಿನಲ್ಲಿ ಆಗ ಲೇಡೀಸ್ ಟೈಲರ್ ಎಂದು ಇದ್ದದ್ದು ನಾನೊಬ್ಬಳೇ. ಫ್ಯಾನಿನ ಕೆಳಗೂ ಬೆವರಿದೆ. ಆದರೆ ಕುರ್ಚಿ ಬಿಟ್ಟು ಏಳಲಿಲ್ಲ.

“ಸ್ವಂತ ತಪ್ಪನ್ನೂ ಹಿಡಿಯುವ ಟೀಚರ್ ನಿಮಗೆ ಬೇರೆಲ್ಲಿ ಸಿಗ್ತಾರೆ ಸರ್?”

ಮೇಡಂ ಫೈಲು ಕೆಳಗಿಟ್ಟು ಜೋರಾಗಿ ನಕ್ಕರು. ಕೆಲಸ ಸಿಕ್ಕಿತು. ಹನ್ನೆರಡು ವರ್ಷ ಟೀಚರ್ ಆಗಿದ್ದೆ.

ಸರಿಮಾಡಲು ಸಾಹೇಬರು ಕೊಟ್ಟ ಆ ಅಂಗಿಯನ್ನು ನಾನು ಸರಿಮಾಡಲಿಲ್ಲ, ಹೊಸತನ್ನೇ ಹೊಲಿದು ಕೊಟ್ಟೆ. ಹಳೆಯದನ್ನು ಪ್ರತಿ ಬ್ಯಾಚಿನ ಮೊದಲ ದಿನ ಗೋಡೆಗೆ ತೂಗುಹಾಕುತ್ತಿದ್ದೆ.

“ಇದನ್ನು ಯಾರು ಹೊಲಿದದ್ದು ಟೀಚರ್?” ಎಂದು ಹುಡುಗಿಯರು ಕೇಳುತ್ತಿದ್ದರು.

“ಯಾರೋ ಧೃತಿಗೆಟ್ಟು ಹೊಲಿದದ್ದು,” ಎನ್ನುತ್ತಿದ್ದೆ. “ಪಾಪ!”